38 ಗಾಡಿಗಳಲ್ಲಿ ನಮ್ಮದೊಂದು: ಎಕ್ಸ್‌ಫಿನಿಟಿ ಸೀರೀಸ್‌ನಲ್ಲಿ ನನ್ನ ಮೊದಲ ವರ್ಷ

ನವೆಂಬರ್ 9ರ ರಾತ್ರಿ ಫೀನಿಕ್ಸ್‌ನಲ್ಲಿ ಅಮೆರಿಕದ ನ್ಯಾಸ್ಕಾರ್ ಕಾರ್ ರೇಸ್‌ಗಳ ಎಕ್ಸ್‌ಫಿನಿಟಿ ಸೀರೀಸ್‌ನ ಕೊನೆಯ ರೇಸ್ ಮುಗಿಯಿತು. ನಾರ್ತ್ ಕ್ಯಾರೊಲೈನಾದ ಮೂರ್ಸ್‌ವಿಲ್‌ಗೆ ವಾಪಸ್ ಬಂದು ಎರಡು ದಿನ ಬರೀ ನಿದ್ದೆ ಮಾಡಿದೆ. 2024ರ ಸೀಸನ್ನಿನಲ್ಲಿ ಒಟ್ಟು 33 ರೇಸ್. ಅದರಲ್ಲಿ 27ಕ್ಕೆ ನಾನು ಟೀಮ್ ಜೊತೆ ಹೋಗಿದ್ದೆ. ದೂರದ ಆರಕ್ಕೆ ವಿಮಾನದ ಟಿಕೆಟ್ ದುಬಾರಿ ಅಂತ ನನ್ನನ್ನು ಬಿಟ್ಟು ಹೋದರು.

ಊರ ಕಡೆಯಿಂದ ಬಾಹಾ, ಸುಪ್ರಾ ಅನ್ನುವ ಎಂಜಿನಿಯರಿಂಗ್ ಕಾಲೇಜು ಸ್ಪರ್ಧೆಗಳಿಗೆ ಗಾಡಿ ಕಟ್ಟಿದ ಹುಡುಗರು ನನಗೆ ಮೆಸೇಜ್ ಮಾಡುತ್ತಲೇ ಇದ್ದಾರೆ. ಎಲ್ಲರದ್ದೂ ಹೆಚ್ಚುಕಡಿಮೆ ಒಂದೇ ಪ್ರಶ್ನೆ. ಅಮೆರಿಕದಲ್ಲಿ ರೇಸ್ ಟೀಮ್‌ಗೆ ಸೇರೋದು ಹೇಗೆ, ಎಷ್ಟು ಖರ್ಚು, ವೀಸಾ ಏನು ಮಾಡಿದ್ರಿ? ಒಬ್ಬೊಬ್ಬರಿಗೆ ತುಂಡು ತುಂಡಾಗಿ ಹೇಳುವ ಬದಲು ನಡೆದದ್ದನ್ನು ನಡೆದ ಹಾಗೆ ಬರೆದುಬಿಡುತ್ತೇನೆ. ಟೀಮ್ ಹೆಸರು ಮಾತ್ರ ಬರೆಯುವುದಿಲ್ಲ.

ಗೊತ್ತಿಲ್ಲದವರಿಗೆ ಮೊದಲು ಒಂದು ಮಾತು. ನ್ಯಾಸ್ಕಾರ್‌ನಲ್ಲಿ ಭಾನುವಾರ ಓಡುವುದು ಕಪ್ ಸೀರೀಸ್. ಟಿವಿಯಲ್ಲಿ ನೀವು ನೋಡುವ ದೊಡ್ಡ ಹೆಸರುಗಳು ಅಲ್ಲಿರುತ್ತವೆ. ಅದರ ಹಿಂದಿನ ದಿನ, ಸಾಮಾನ್ಯವಾಗಿ ಶನಿವಾರ, ಓಡುವುದು ನಮ್ಮದು. 1982ರಲ್ಲಿ ಶುರುವಾದ ಸೀರೀಸ್ ಇದು. ಪ್ರಾಯೋಜಕರು ಬದಲಾದ ಹಾಗೆ ಬುಷ್, ನೇಷನ್‌ವೈಡ್ ಅಂತ ಹೆಸರೂ ಬದಲಾಗಿ, 2015ರಲ್ಲಿ ಎಕ್ಸ್‌ಫಿನಿಟಿ ಆಯಿತು. ಕಪ್ ಗಾಡಿಗಳು 2022ರಲ್ಲಿ ಪೂರ್ತಿ ಹೊಸದಾದವು. ಚಕ್ರಕ್ಕೆ ಒಂದೇ ನಟ್, 18 ಇಂಚಿನ ರಿಮ್. ನಮ್ಮದು ಇನ್ನೂ ಹಳೆಯ ದಾರಿ. 15 ಇಂಚಿನ ಉಕ್ಕಿನ ರಿಮ್, ಚಕ್ರಕ್ಕೆ ಐದು ನಟ್, ಕೈಯಿಂದ ಹಾಕುವ ನಾಲ್ಕು ಗೇರ್, ಪುಷ್‌ರಾಡ್ ವಿ8 ಎಂಜಿನ್. ಕೈಕೆಲಸ ಕಲಿಯಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ ಅಂತಲೇ ನನ್ನ ಅಭಿಪ್ರಾಯ.

ನಮ್ಮದು ಅರಸೀಕೆರೆ. ಅಪ್ಪನದು ಬಸ್ ಸ್ಟ್ಯಾಂಡ್ ಹತ್ತಿರ ಟೈರ್ ಅಂಗಡಿ. ಪಂಕ್ಚರ್, ವೀಲ್ ಅಲೈನ್‌ಮೆಂಟ್ ಎಲ್ಲ ಮಾಡುತ್ತಾರೆ. ನಾನು ಷಾರ್ಲೆಟ್‌ನ ಯೂನಿವರ್ಸಿಟಿ ಆಫ್ ನಾರ್ತ್ ಕ್ಯಾರೊಲೈನಾದಲ್ಲಿ ಮೆಕ್ಯಾನಿಕಲ್ ಎಂ.ಎಸ್. ಮಾಡಿದೆ. ಅಲ್ಲಿ ಮೋಟಾರ್‌ಸ್ಪೋರ್ಟ್ಸ್ ಓದುವ ಅವಕಾಶ ಇದೆ, ಆಲನ್ ಕುಲ್ವಿಕಿ ಹೆಸರಿನ ಲ್ಯಾಬ್ ಇದೆ. ಕುಲ್ವಿಕಿ ಸ್ವತಃ ಎಂಜಿನಿಯರ್. ಸ್ವಂತ ಟೀಮ್ ಕಟ್ಟಿ, ತಾನೇ ಗಾಡಿ ಓಡಿಸಿ 1992ರಲ್ಲಿ ಕಪ್ ಚಾಂಪಿಯನ್ ಆದವರು. ಮುಂದಿನ ವರ್ಷವೇ ವಿಮಾನ ಅಪಘಾತದಲ್ಲಿ ಹೋಗಿಬಿಟ್ಟರು. ಆ ಬಾಗಿಲು ದಾಟುವಾಗಲೆಲ್ಲ ಅವರ ಹೆಸರನ್ನು ಒಮ್ಮೆ ನೋಡಿಯೇ ಒಳಗೆ ಹೋಗುತ್ತಿದ್ದೆ.

ಈಗ ಕಾಗದದ ವಿಷಯ. ಇದನ್ನು ಹಾರಿಸಿ ಓದಬೇಡಿ.

ಹೆಚ್ಚಿನ ಟೀಮ್‌ಗಳು ಷಾರ್ಲೆಟ್ ಸುತ್ತಮುತ್ತ, ಮೂರ್ಸ್‌ವಿಲ್, ಕಾಂಕರ್ಡ್ ಕಡೆ ಇವೆ. ಸುಮ್ನೆ ಶೆಡ್‌ಗೆ ಹೋಗಿ ‘ಸಂಬಳ ಬೇಡ, ಕೆಲಸ ಕಲಿಸಿ’ ಅಂದರೆ ಸೇರಿಸಿಕೊಳ್ಳುವವರು ಸಿಗುತ್ತಾರೆ. ಅಮೆರಿಕದ ಹುಡುಗರು ಹಾಗೆಯೇ ಸೇರುತ್ತಾರೆ. ಎಫ್-1 ಅನ್ನುವ ವಿದ್ಯಾರ್ಥಿ ವೀಸಾದಲ್ಲಿ ಇರುವವರು ಹಾಗೆ ಮಾಡಬಾರದು. ಲಾಭಕ್ಕೆ ನಡೆಯುವ ಕಂಪನಿಯಲ್ಲಿ ಪುಕ್ಕಟೆ ಕೆಲಸ ಮಾಡಿದರೂ ಅನುಮತಿ ಇಲ್ಲದ ಕೆಲಸ ಅಂತ ಲೆಕ್ಕಕ್ಕೆ ಬರಬಹುದು. ನನ್ನ ಜೊತೆ ಓದಿದ ಒಬ್ಬ ಇದನ್ನು ತಿಳಿಯದೆ ಎರಡು ವಾರ ಹೋಗಿ ಬಂದ. ಆಮೇಲೆ ಎಷ್ಟೋ ರಾತ್ರಿ ಹೆದರಿಕೆಯಲ್ಲೇ ಕಳೆದ. ಕೆಲಸಕ್ಕೆ ಅನುಮತಿ ಅಂದರೆ ಓದುವಾಗ ಸಿಪಿಟಿ, ಓದಿದ ಮೇಲೆ ಒಪಿಟಿ. ಕಾಲೇಜಿನ ಅಂತಾರಾಷ್ಟ್ರೀಯ ಕಚೇರಿಯಲ್ಲಿ ಕೇಳದೆ ಒಂದು ನಟ್ ಕೂಡ ಬಿಚ್ಚಬೇಡಿ.

ನಾನು 2023ರ ಅಕ್ಟೋಬರ್‌ನಲ್ಲಿ ಒಪಿಟಿಗೆ ಅರ್ಜಿ ಹಾಕಿದೆ. ಓದು ಮುಗಿಯುವುದಕ್ಕೆ 90 ದಿನ ಮೊದಲಿನಿಂದ ಹಾಕಬಹುದು. ಕಾಲೇಜಿನವರು ಐ-20 ಅನ್ನುವ ವಿದ್ಯಾರ್ಥಿ ಪತ್ರದಲ್ಲಿ ಶಿಫಾರಸು ಬರೆದ 30 ದಿನದೊಳಗೆ ಅರ್ಜಿ ಸಲ್ಲಿಸಬೇಕು. ಆಗ ಫೀಸು 410 ಡಾಲರ್. 2024ರ ಏಪ್ರಿಲ್ 1ರಿಂದ ಆನ್‌ಲೈನ್‌ಗೆ 470, ಕಾಗದದಲ್ಲಿ ಕಳಿಸಿದರೆ 520 ಆಗಿದೆ. ಅರ್ಜಿ ಹಾಕಿದ ಮೇಲೆ ಕಾಯುವುದೇ ಕೆಲಸ. ನವೆಂಬರ್ ಹೋಯಿತು, ಡಿಸೆಂಬರ್ ಹೋಯಿತು. ಟೀಮ್‌ನವರು ‘ಜನವರಿ ಮಧ್ಯಕ್ಕೆ ಬರಲಿಲ್ಲ ಅಂದರೆ ಬೇರೆಯವರನ್ನು ತಗೋತೀವಿ’ ಅಂತ ಮೊದಲೇ ಹೇಳಿದ್ದರು. ದಿನಕ್ಕೆ ನಾಲ್ಕು ಸಲ ಅರ್ಜಿಯ ಸ್ಥಿತಿ ನೋಡುತ್ತಿದ್ದೆ. ಊಟ ಸೇರುತ್ತಿರಲಿಲ್ಲ. ಜನವರಿ 11ಕ್ಕೆ ಅಂಚೆ ಪೆಟ್ಟಿಗೆಯಲ್ಲಿ ಕೆಲಸದ ಅನುಮತಿಯ ಇಎಡಿ ಕಾರ್ಡ್ ಸಿಕ್ಕಿತು. ಅಲ್ಲೇ ನಿಂತು ಅಮ್ಮನಿಗೆ ಫೋನ್ ಮಾಡಿದೆ. ಅಲ್ಲಿ ಮಧ್ಯರಾತ್ರಿ ದಾಟಿತ್ತು.

ಒಪಿಟಿಯಲ್ಲಿ ಕೆಲಸ ಇಲ್ಲದೆ ಒಟ್ಟು 90 ದಿನ ಮಾತ್ರ ಇರಬಹುದು, ವಾರಕ್ಕೆ ಕನಿಷ್ಠ 20 ಗಂಟೆ ಕೆಲಸ ಇರಬೇಕು. ಇದನ್ನು ನೆನಪಿಡಿ, ಮುಂದೆ ಇದು ನನ್ನ ತಲೆ ತಿಂದಿತು.

ಆಮೇಲೆ ಲೈಸೆನ್ಸ್. ಗ್ಯಾರೇಜ್ ಒಳಗೆ ಕೆಲಸ ಮಾಡುವವರಿಗೆಲ್ಲ ನ್ಯಾಸ್ಕಾರ್ ಲೈಸೆನ್ಸ್ ಬೇಕು. ನನ್ನ ಅರ್ಜಿ ಹೆಸರಿನ ಕಾರಣಕ್ಕೆ ವಾಪಸ್ ಬಂತು. ನಮ್ಮಲ್ಲಿ ಎಷ್ಟೋ ಜನರ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ ಇರುತ್ತದೆ, ಅಲ್ವಾ? ಅಂಥವರ ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಅಂತ ಬರೆಯುತ್ತಾರೆ. ಮೊದಲ ಹೆಸರು ತಿಳಿದಿಲ್ಲ ಅಂತ ಅರ್ಥ. ನನ್ನ ಡ್ರೈವಿಂಗ್ ಲೈಸೆನ್ಸ್‌ನಲ್ಲಿ ಒಂದು ಥರ, ಅರ್ಜಿಯಲ್ಲಿ ಇನ್ನೊಂದು ಥರ ಆಗಿತ್ತು. ಸೀಸನ್ನಿನ ಮೊದಲ ರೇಸ್ ಡೇಟೋನಾಗೆ ಒಂಬತ್ತು ದಿನ ಉಳಿದಿತ್ತು. ಪಾಸ್‌ಪೋರ್ಟ್, ವೀಸಾ, ಇಎಡಿ ಕಾರ್ಡ್ ಮೂರರ ಪ್ರತಿ ಜೋಡಿಸಿ, ಒಂದು ಪತ್ರ ಬರೆದು ಮತ್ತೆ ಕಳಿಸಿದೆ. ಹೊರಡುವ ಹಿಂದಿನ ದಿನ ಸರಿಯಾಯಿತು. ನೀವು ಇನ್ನೂ ಊರಲ್ಲೇ ಇದ್ದರೆ, ವೀಸಾಕ್ಕೆ ಮುಂಚೆಯೇ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಸೇರಿಸಿಕೊಳ್ಳಿ. ಡ್ರಗ್ ಟೆಸ್ಟ್ ಕೂಡ ಇರುತ್ತದೆ. ಅಮ್ಮ ಕಟ್ಟಿಕೊಟ್ಟ ಕೆಮ್ಮಿನ ಸಿರಪ್, ಲೇಹ್ಯ ಏನಿದ್ದರೂ ಒಳಗೆ ಏನು ಸೇರಿದೆ ಅಂತ ನೋಡದೆ ಕುಡಿಯಬೇಡಿ.

ಡೇಟೋನಾ ರೇಸ್ ಫೆಬ್ರವರಿ 17ರ ಶನಿವಾರ ಇತ್ತು. ಮೂರ್ಸ್‌ವಿಲ್‌ನಿಂದ ವ್ಯಾನ್‌ನಲ್ಲಿ ಎಂಟು ಗಂಟೆ ದಾರಿ. ದೊಡ್ಡ ಟೀಮ್‌ಗಳವರು ವಿಮಾನದಲ್ಲಿ ಹೋಗುತ್ತಾರೆ. ನಾವು ಏಳು ಜನ ಒಂದು ವ್ಯಾನ್, ರೂಮಿಗೆ ನಾಲ್ಕು ಜನ. ಶನಿವಾರ ಮಳೆ ಹಿಡಿಯಿತು. ನಮ್ಮ ಮಲೆನಾಡಿನ ಮಳೆಯ ಹಾಗೆ ಬಿಡಲೇ ಇಲ್ಲ. ಟೈರ್‌ಗಳ ಮೇಲೆ ಟಾರ್ಪಾಲ್ ಹೊದಿಸಿ, ಅದರ ಮೂಲೆ ಹಿಡಿದುಕೊಂಡು ನಿಂತಿದ್ದೆವು. ರೇಸ್ ಸೋಮವಾರ ಬೆಳಿಗ್ಗೆಗೆ ಹೋಯಿತು. ಆಮೇಲೆ ಅದೂ ಬದಲಾಗಿ, ಭಾನುವಾರದಿಂದ ಮುಂದೆ ಹೋಗಿದ್ದ ಕಪ್ ಸೀರೀಸ್‌ನ ಡೇಟೋನಾ 500 ರೇಸ್ ಮುಗಿದ ಮೇಲೆ, ಸೋಮವಾರ ರಾತ್ರಿಗೆ ಬಂತು. ಹೋಟೆಲ್‌ನವರು ಎರಡು ರಾತ್ರಿಗೆ ಹೆಚ್ಚು ದುಡ್ಡು ಕೇಳಿದರು. ಟೀಮ್ ಕೊಟ್ಟಿತು, ಆದರೆ ಮಾಲೀಕರ ಮುಖ ನೋಡಲು ಆಗುತ್ತಿರಲಿಲ್ಲ. ರೇಸ್ ಮುಗಿದು ಸಾಮಾನು ತುಂಬುವಾಗ ಮಧ್ಯರಾತ್ರಿ ಮೀರಿತ್ತು. ಆಸ್ಟಿನ್ ಹಿಲ್ ಗೆದ್ದರು. ಅದೇ ವಾರ, 24ಕ್ಕೆ, ಅಟ್ಲಾಂಟಾದಲ್ಲಿ ಮುಂದಿನ ರೇಸ್. ಅಲ್ಲೂ ಅವರೇ ಗೆದ್ದರು. ನಾವು ಆ ವಾರ ಬಟ್ಟೆ ಒಗೆಯುವುದಕ್ಕೂ ಆಗಲಿಲ್ಲ.

ನನ್ನ ಕೆಲಸ ಟೈರ್. ಅಪ್ಪನ ಅಂಗಡಿಯಿಂದ ಇಷ್ಟು ದೂರ ಬಂದು ಮತ್ತೆ ಟೈರೇ ಸಿಕ್ಕಿತಲ್ಲ ಅಂತ ನನಗೆ ನಿಜವಾಗಿ ಖುಷಿಯಾಯಿತು. ಇಲ್ಲಿ ಟೈರ್ ಟೀಮ್‌ದಲ್ಲ. ಗುಡ್‌ಇಯರ್ ಕಂಪನಿ ಬಾಡಿಗೆಗೆ ಕೊಡುತ್ತದೆ, ರೇಸ್ ಆದ ಮೇಲೆ ವಾಪಸ್ ಕೊಡಬೇಕು. ಒಂದು ರೇಸಿಗೆ ಇಷ್ಟೇ ಸೆಟ್ ಅಂತ ಮಿತಿ ಇದೆ. ರಿಮ್ ಮಾತ್ರ ನಮ್ಮದು. ಅವನ್ನು ತಳ್ಳಿಕೊಂಡು ಹೋಗಿ ಅವರ ಹತ್ತಿರ ಬಿಟ್ಟರೆ ಟೈರ್ ಕೂರಿಸಿ ಕೊಡುತ್ತಾರೆ. ತಂದ ಮೇಲೆ ಒಳಗಿನ ಗಾಳಿ ಬಿಟ್ಟು ನೈಟ್ರೋಜನ್ ತುಂಬಬೇಕು. ಮಾಮೂಲಿ ಗಾಳಿಯಲ್ಲಿ ತೇವ ಇರುತ್ತದೆ, ಬಿಸಿಯಾದಾಗ ಒತ್ತಡ ಎಷ್ಟು ಏರುತ್ತದೆ ಅಂತ ಲೆಕ್ಕ ಸಿಗುವುದಿಲ್ಲ. ಆಮೇಲೆ ಟೇಪ್ ಸುತ್ತಿ ಸುತ್ತಳತೆ ನೋಡಬೇಕು. ಓವಲ್ ಟ್ರ್ಯಾಕ್‌ನಲ್ಲಿ ಗಾಡಿ ಯಾವಾಗಲೂ ಎಡಕ್ಕೇ ತಿರುಗುವುದರಿಂದ ಬಲಗಡೆ ಟೈರ್ ಸ್ವಲ್ಪ ದೊಡ್ಡದಿರಬೇಕು. ಇದಕ್ಕೆ ಸ್ಟ್ಯಾಗರ್ ಅನ್ನುತ್ತಾರೆ. ಇದು ಸ್ವಲ್ಪ ತಪ್ಪಿದರೂ ಡ್ರೈವರ್ ರೇಡಿಯೋದಲ್ಲಿ ‘ಲೂಸ್, ಲೂಸ್’ ಅನ್ನಲು ಶುರು ಮಾಡುತ್ತಾರೆ, ಅಂದರೆ ಗಾಡಿಯ ಹಿಂಭಾಗ ಜಾರುತ್ತಿದೆ ಅಂತ.

ಪ್ರತಿ ರಿಮ್‌ಗೂ ಐದು ತೂತಿನ ಸುತ್ತ ಹಳದಿ ಅಂಟು ಹಚ್ಚಿ, ಐದು ನಟ್ ಅಂಟಿಸಿ ಇಡಬೇಕು. ರೇಸ್ ನಡುವೆ ಗಾಡಿ ನಿಲ್ಲಿಸುವ ಪಿಟ್‌ನಲ್ಲಿ ಚಕ್ರ ಹಾಕಿದ ಕೂಡಲೇ ನಟ್ ಗನ್ ಹಿಡಿದವನು ಬಿಗಿ ಮಾಡಿಬಿಡಲಿ ಅಂತ. ಅಂಟು ಜಾಸ್ತಿಯಾದರೆ ನಟ್ ಕೂರುವುದಿಲ್ಲ, ಕಡಿಮೆಯಾದರೆ ಉದುರುತ್ತದೆ. ಮೊದಲ ತಿಂಗಳು ನನ್ನ ಉಗುರಿನ ಸಂದಿಯೆಲ್ಲ ಹಳದಿ.

ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ಓಡಿ ಬಂದ ಟೈರ್ ಓದುವ ಕೆಲಸ. ಬಿಚ್ಚಿದ ಟೈರ್ ಮೇಲೆ ಟ್ರ್ಯಾಕ್‌ನಿಂದ ಎತ್ತಿಕೊಂಡ ರಬ್ಬರ್ ಚೂರು ಮೆತ್ತಿಕೊಂಡಿರುತ್ತದೆ. ಮುಟ್ಟಿದರೆ ಕೈಗೆ ಅಂಟುವಷ್ಟು ಬಿಸಿ. ಅದನ್ನು ಇನ್ನೂ ಸ್ವಲ್ಪ ಕಾಯಿಸಿ, ಅಗಲದ ಬ್ಲೇಡಿನಿಂದ ಕೆರೆಯಬೇಕು. ದೋಸೆ ಹೆಂಚು ಕೆರೆದ ಹಾಗೆ ಸುರುಳಿ ಸುರುಳಿಯಾಗಿ ಏಳುತ್ತದೆ. ಅಡಿಯಲ್ಲಿ ಅಡ್ಡಸಾಲಾಗಿ ಸಣ್ಣ ತೂತುಗಳು ಕಾಣುತ್ತವೆ. ಅವುಗಳ ಆಳ ಅಳೆದರೆ ಎಲ್ಲಿ ಎಷ್ಟು ಸವೆದಿದೆ ಅಂತ ಗೊತ್ತಾಗುತ್ತದೆ. ಮಾರ್ಟಿನ್ಸ್‌ವಿಲ್‌ನಲ್ಲಿ ಬಲಗಡೆ ಮುಂದಿನ ಟೈರಿನ ಫೋಟೋ ಅಪ್ಪನಿಗೆ ಕಳಿಸಿದೆ. ಐದು ನಿಮಿಷಕ್ಕೆ ವಾಯ್ಸ್ ಮೆಸೇಜ್ ಬಂತು: “ಒಳಗಿನ ಅಂಚು ಜಾಸ್ತಿ ತಿಂದಿದೆಯಲ್ಲೋ. ಕ್ಯಾಂಬರ್ ಜಾಸ್ತಿ ಕೊಟ್ಟಿದಾರೆ ನೋಡು.” ಕ್ಯಾಂಬರ್ ಅಂದರೆ ಚಕ್ರದ ವಾಲು. ಟೀಮ್‌ನ ಕೆಲಸ ನಡೆಸುವ ಕ್ರೂ ಚೀಫ್ ಕೂಡ ಅದನ್ನೇ ಹೇಳಿದ್ದರು. ಅವತ್ತಿನಿಂದ ಪ್ರತಿ ಭಾನುವಾರ ಬೆಳಿಗ್ಗೆ ಅಪ್ಪ ಫೋಟೋಗೆ ಕಾಯಲು ಶುರು ಮಾಡಿದರು.

ಏಪ್ರಿಲ್ 13, ಟೆಕ್ಸಸ್. ನಮ್ಮ ಗಾಡಿ ಎಷ್ಟೋ ಲ್ಯಾಪ್ ಹಿಂದಿತ್ತು. ಕೊನೆಯ ಲ್ಯಾಪ್‌ನಲ್ಲಿ ಸ್ಯಾಮ್ ಮೇಯರ್, ರಯಾನ್ ಸೀಗ್ ಇಬ್ಬರೂ ಒಟ್ಟಿಗೆ ಗೆರೆ ದಾಟಿದರು. ಸೀಗ್ ಅವರದು ಮನೆಯವರೇ ಕಟ್ಟಿದ ಟೀಮ್. ಈ ಸೀರೀಸ್‌ನಲ್ಲಿ ಆಗಲೇ ಹತ್ತು ವರ್ಷಕ್ಕೂ ಮೇಲೆ ಓಡಿದ್ದರು, ಒಂದೂ ಗೆಲುವಿರಲಿಲ್ಲ. ಪಿಟ್‌ನಲ್ಲಿದ್ದ ಸಣ್ಣ ಟೀಮ್‌ಗಳವರೆಲ್ಲ ಕೆಲಸ ಬಿಟ್ಟು ಪರದೆ ನೋಡುತ್ತಾ ನಿಂತೆವು. 0.002 ಸೆಕೆಂಡ್ ಅಂತರದಲ್ಲಿ ಮೇಯರ್ ಗೆದ್ದರು. ನನ್ನ ಪಕ್ಕದಲ್ಲಿದ್ದ, ಪಿಟ್‌ನಲ್ಲಿ ಗಾಡಿ ಎತ್ತುವ ಜ್ಯಾಕ್‌ಮ್ಯಾನ್, ಆರಡಿ ಆಳು, ಟೊಪ್ಪಿ ತೆಗೆದು ಮುಖ ಮುಚ್ಚಿಕೊಂಡ. ಸೀಗ್ ನಮ್ಮ ಟೀಮ್‌ನವರಲ್ಲ, ಆದರೂ ನನಗೂ ಕಣ್ಣು ತುಂಬಿ ಬಂತು.

ಇನ್ನು ನಮಗೇ ಆದ ಪೆಟ್ಟು. ಎಲ್ಲಿ ಅಂತ ಬರೆದರೆ ಟೀಮ್ ಯಾವುದು ಅಂತ ಗೊತ್ತಾಗಿಬಿಡುತ್ತದೆ, ಹಾಗಾಗಿ ಜಾಗ ಹೇಳುವುದಿಲ್ಲ. ರೇಸಿಗೆ 38 ಗಾಡಿಗೆ ಮಾತ್ರ ಜಾಗ. ಅದಕ್ಕಿಂತ ಹೆಚ್ಚು ಗಾಡಿ ಬಂದರೆ ಉಳಿದವು ಮನೆಗೆ. ಹೆಚ್ಚಿನ ಜಾಗ ಅರ್ಹತಾ ಸುತ್ತಿನ ವೇಗದ ಮೇಲೆ, ಕೊನೆಯ ಕೆಲವು ಜಾಗ ಟೀಮ್ ಮಾಲೀಕರು ಗಳಿಸಿದ ಅಂಕದ ಮೇಲೆ. ಆ ದಿನ ಬೆಳಿಗ್ಗೆ ತಪಾಸಣೆಯಲ್ಲೇ ತೊಂದರೆ. ಗಾಡಿಯನ್ನು ಒಂದು ಡೇರೆಯೊಳಗೆ ನಿಲ್ಲಿಸಿ, ಸುತ್ತ ಕ್ಯಾಮೆರಾಗಳಿಂದ ಬಾಡಿಯ ಆಕಾರ ಪೂರ್ತಿ ಅಳೆಯುತ್ತಾರೆ. ಹಿಂಭಾಗದ ಒಂದು ಕಡೆ ಅಳತೆ ಮೀರಿತ್ತು. ಹೊರಗೆ ತಂದು, ಸರಿ ಮಾಡಿ, ಮತ್ತೆ ಸಾಲಿನಲ್ಲಿ ನಿಂತೆವು. ಎರಡನೇ ಸಲ ಪಾಸ್ ಆಯಿತು. ಆ ಗಡಿಬಿಡಿಯಲ್ಲಿ ಟೈರ್ ಒತ್ತಡವನ್ನು ಕೊನೆಯ ಸಲ ನೋಡುವುದಕ್ಕೆ ನನಗೆ ಸಮಯ ಸಿಗಲಿಲ್ಲ. ಅರ್ಹತಾ ಸುತ್ತಿನಲ್ಲಿ ಗಾಡಿ ತಿರುವಿನಲ್ಲಿ ಸರಿಯಾಗಿ ತಿರುಗಲಿಲ್ಲ, ಹೊರಗೆ ಜಾರಿತು. ಒಂದು ಸೆಕೆಂಡಿನ ಹತ್ತನೇ ಒಂದು ಭಾಗಕ್ಕೂ ಕಡಿಮೆ ಅಂತರದಲ್ಲಿ ಜಾಗ ಹೋಯಿತು.

ಬೇರೆ ಗಾಡಿಗಳು ರೇಸ್ ಶುರುವಾಗುವ ಸಾಲಿಗೆ ಹೋಗುತ್ತಿದ್ದಾಗ ನಾವು ನಮ್ಮದನ್ನು ಲಾರಿಗೆ ಏರಿಸುತ್ತಿದ್ದೆವು. ಯಾರೂ ಮಾತಾಡಲಿಲ್ಲ. ನಾನು ಕ್ರೂ ಚೀಫ್ ಹತ್ತಿರ ಹೋಗಿ ‘ಒತ್ತಡ ನೋಡಲಿಲ್ಲ, ನನ್ನ ತಪ್ಪು’ ಅಂತ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಇನ್ನು ಮುಂದೆ ಗಾಡಿ ತಪಾಸಣೆಗೆ ಹೋಗುವ ಮುಂಚೆಯೇ ಒತ್ತಡ ಬರೆದ ಚೀಟಿ ತಮ್ಮ ಕೈಗೆ ಬರಬೇಕು ಅಂದರು, ಅಷ್ಟೇ. ಮನೆಗೆ ಬರುವ ದಾರಿಯಲ್ಲಿ ಅಮ್ಮ ಫೋನ್ ಮಾಡಿ “ಎಷ್ಟನೇದು ಬಂತಪ್ಪಾ?” ಅಂದರು. “ಇವತ್ತು ಓಡ್ಲಿಲ್ಲಮ್ಮ” ಅಂದೆ. ಮುಂದೆ ಮಾತು ಹೊರಡಲಿಲ್ಲ. ಆಮೇಲಿನ ಯಾವ ರೇಸಿಗೂ ಚೀಟಿ ತಪ್ಪಿಸಿಲ್ಲ.

ಬೇಸಿಗೆಯಲ್ಲಿ ಗ್ಯಾರೇಜ್ ಒಳಗೆ ನಿಲ್ಲಲು ಆಗುವುದಿಲ್ಲ, ಜಾಸ್ತಿ ನೀರು ಕುಡಿಯಿರಿ. ಸಸ್ಯಾಹಾರಿಗಳು ಊಟ ಕಟ್ಟಿಕೊಂಡೇ ಹೋಗಿ. ನಾನು ಕುಕ್ಕರ್‌ನಲ್ಲಿ ಅನ್ನ ಮಾಡಿ ಪುಳಿಯೋಗರೆ ಗೊಜ್ಜು ಕಲಸಿಕೊಂಡು ಹೋಗುತ್ತಿದ್ದೆ. ಎರಡು ದಿನಕ್ಕೂ ಕೆಡುತ್ತಿರಲಿಲ್ಲ. ಕೊನೆಗೆ ಲಾರಿ ಡ್ರೈವರ್ ಕೂಡ ಡಬ್ಬಿ ಎಲ್ಲಿ ಅಂತ ಕೇಳಲು ಶುರು ಮಾಡಿದರು.

ಜುಲೈ 20ರ ಇಂಡಿಯಾನಾಪೊಲಿಸ್ ರೇಸ್ ಆದ ಮೇಲೆ ಒಲಿಂಪಿಕ್ಸ್‌ಗೋಸ್ಕರ ಆಗಸ್ಟ್ 17ರ ಮಿಷಿಗನ್‌ವರೆಗೆ ಬಿಡುವು. ಎಲ್ಲರಿಗೂ ಸಂತೋಷ. ನನಗೆ ಮಾತ್ರ ಹೆದರಿಕೆ. ನನಗೆ ಗಂಟೆ ಲೆಕ್ಕದಲ್ಲಿ ಸಂಬಳ, ಜೊತೆಗೆ ಆ 20 ಗಂಟೆಯ ನಿಯಮ. ಮಾಲೀಕರಿಗೆ ವಿಷಯ ಹೇಳಿದೆ. ಹಳೆಯ ರಿಮ್‌ಗಳನ್ನೆಲ್ಲ ಅಳೆದು, ಅಂಕಿಅಂಶ ಕಂಪ್ಯೂಟರ್‌ಗೆ ಹಾಕುವ ಕೆಲಸ ಕೊಟ್ಟರು. ವಾರಕ್ಕೆ 24 ಗಂಟೆ. ಪ್ರತಿ ವಾರದ ಗಂಟೆಗಳನ್ನು ಬರೆದು ಅವರ ಸಹಿ ಹಾಕಿಸಿಕೊಂಡಿದ್ದೇನೆ. ನೀವೂ ಹಾಗೇ ಮಾಡಿ. ಆ ತಿಂಗಳ ಬಾಡಿಗೆ 650 ಡಾಲರ್ ಕೊಟ್ಟ ಮೇಲೆ ನನ್ನ ಹತ್ತಿರ ಉಳಿದದ್ದು ನೂರರ ಒಳಗೆ. ಕಡೇಪಕ್ಷ ಮೂರು ತಿಂಗಳ ಖರ್ಚು ಕೈಯಲ್ಲಿ ಇಟ್ಟುಕೊಂಡೇ ಈ ಕೆಲಸಕ್ಕೆ ಬನ್ನಿ. ಹಳೆಯದಾದರೂ ಒಂದು ಕಾರು ಬೇಕೇ ಬೇಕು. ಬೆಳಿಗ್ಗೆ ನಾಲ್ಕಕ್ಕೆ ಶೆಡ್‌ಗೆ ಹೋಗಲು ಬಸ್ ಇಲ್ಲ.

ಸೆಪ್ಟೆಂಬರ್ 14ಕ್ಕೆ ವಾಟ್ಕಿನ್ಸ್ ಗ್ಲೆನ್‌ನಲ್ಲಿ 18 ವರ್ಷದ ಕಾನರ್ ಜಿಲಿಶ್ ಈ ಸೀರೀಸ್‌ನ ತನ್ನ ಮೊದಲ ರೇಸ್‌ನಲ್ಲೇ ಗೆದ್ದ. ಅದೇ ವಾರ ನನಗೆ ದೊಡ್ಡ ಸಂಕಟ ಎದುರಾಯಿತು. ಒಪಿಟಿ ಒಂದೇ ವರ್ಷ. ನಮ್ಮಂಥ ವಿಜ್ಞಾನ, ಎಂಜಿನಿಯರಿಂಗ್ ಪದವಿಗೆ ಇನ್ನೂ 24 ತಿಂಗಳ ಸ್ಟೆಮ್ ವಿಸ್ತರಣೆ ಸಿಗುತ್ತದೆ, ಆದರೆ ಕೆಲಸ ಕೊಟ್ಟವರು ಕೆಲಸಗಾರರ ಅನುಮತಿ ಪರಿಶೀಲಿಸುವ ಸರ್ಕಾರದ ಇ-ವೆರಿಫೈನಲ್ಲಿ ನೋಂದಾಯಿಸಿರಬೇಕು. ನಮ್ಮ ಟೀಮ್ ನೋಂದಾಯಿಸಿರಲಿಲ್ಲ. ಸೇರುವಾಗ ನಾನೂ ಕೇಳಿರಲಿಲ್ಲ. ದಯವಿಟ್ಟು ಮೊದಲ ಸಂದರ್ಶನದಲ್ಲೇ ಇದನ್ನು ಕೇಳಿ. ಸಣ್ಣ ಟೀಮ್‌ಗಳವರಿಗೆ ಇದರ ಹೆಸರೇ ಗೊತ್ತಿರುವುದಿಲ್ಲ. ಬ್ರಿಸ್ಟಲ್‌ನಿಂದ ಬಂದ ಮೇಲೆ ಧೈರ್ಯ ಮಾಡಿ ಮಾಲೀಕರ ಹತ್ತಿರ ಕೂತೆ. ‘ಇದಕ್ಕೆ ಎಷ್ಟು ದುಡ್ಡಾಗುತ್ತೆ?’ ಅಂತ ಅವರು ಕೇಳಿದ ಮೊದಲ ಪ್ರಶ್ನೆ. ನೋಂದಣಿಗೆ ದುಡ್ಡೇ ಇಲ್ಲ. ಲೆಕ್ಕ ನೋಡುವ ಹೆಂಗಸು ಪಕ್ಕದಲ್ಲೇ ಇದ್ದರು, ಆ ಮಧ್ಯಾಹ್ನವೇ ಶುರು ಮಾಡಿಬಿಟ್ಟರು.

ಐ-983 ಅಂತ ಒಂದು ತರಬೇತಿ ಯೋಜನೆ ತುಂಬಬೇಕು. ಕೆಲಸ ಪದವಿಗೆ ಹೇಗೆ ಹೊಂದುತ್ತದೆ, ಯಾರು ಕಲಿಸುತ್ತಾರೆ, ಸಂಬಳ ಎಷ್ಟು, ಎಲ್ಲ ಬರೆಯಬೇಕು. ನಾನು ಬೇಸಿಗೆಯಲ್ಲಿ ಮಾಡಿದ ಟೈರ್ ಅಂಕಿಅಂಶವೇ ಇಲ್ಲಿ ನೆರವಿಗೆ ಬಂತು. ಹೋಮ್‌ಸ್ಟೆಡ್ ರೇಸಿಗೆ ಹೋಗುವ ದಾರಿಯಲ್ಲಿ ಕ್ರೂ ಚೀಫ್ ವ್ಯಾನ್‌ನಲ್ಲಿ ಕೂತು ಅದನ್ನು ಓದಿ, ಎರಡು ಕಡೆ ತಿದ್ದಿ, ಸಹಿ ಹಾಕಿದರು. ಅಕ್ಟೋಬರ್ 28ಕ್ಕೆ 470 ಡಾಲರ್ ಕಟ್ಟಿ ಅರ್ಜಿ ಹಾಕಿದೆ. ಹಳೆಯ ಕಾರ್ಡ್ ಮುಗಿಯುವ ಮೊದಲೇ ಹಾಕಿದರೆ, ಉತ್ತರ ಬರುವವರೆಗೆ 180 ದಿನ ಕೆಲಸ ಮುಂದುವರಿಸಬಹುದು.

ಫೀನಿಕ್ಸ್‌ಗೆ ನನಗೂ ಟಿಕೆಟ್ ತೆಗೆಸಿದ್ದರು. ರೈಲಿ ಹರ್ಬ್‌ಸ್ಟ್ ರೇಸ್ ಗೆದ್ದರು. ಪಟ್ಟಕ್ಕೆ ಸ್ಪರ್ಧೆಯಲ್ಲಿದ್ದವರಲ್ಲಿ ಎಲ್ಲರಿಗಿಂತ ಮುಂದೆ, ಎರಡನೆಯವರಾಗಿ ಬಂದ ಜಸ್ಟಿನ್ ಆಲ್‌ಗೈಯರ್ ಚಾಂಪಿಯನ್ ಆದರು. ಅಭ್ಯಾಸದಲ್ಲಿ ಗಾಡಿ ಜಖಂ ಆಗಿ, ಬದಲಿ ಗಾಡಿಯಲ್ಲಿ ಹಿಂದಿನಿಂದ ಶುರು ಮಾಡಿದ್ದರು. ಮಧ್ಯದಲ್ಲಿ ಲ್ಯಾಪ್ ಕೂಡ ಕಳೆದುಕೊಂಡಿದ್ದರು. 38ನೇ ವಯಸ್ಸಿಗೆ ಅವರಿಗೆ ಮೊದಲ ಪಟ್ಟ. ನಮ್ಮ ಗಾಡಿ ಗೋಡೆಗೆ ತಾಗದೆ ಪೂರ್ತಿ ಓಡಿತು. ಆಮೇಲೆ ಎಂದಿನ ಹಾಗೆ ಟೈರ್ ಕೆರೆದು, ಅಳೆದು, ಗುಡ್‌ಇಯರ್‌ನವರಿಗೆ ವಾಪಸ್ ಕೊಟ್ಟು, ರಿಮ್ ಎಣಿಸಿ ಲಾರಿಗೆ ಹಾಕಿದೆವು.

ಈಗ 2024ರ ಡಿಸೆಂಬರ್. ಕಾರ್ಡ್ ಇನ್ನೂ ಬಂದಿಲ್ಲ, ಅರ್ಜಿಯ ರಸೀದಿ ಬಂದಿದೆ. ಶೆಡ್‌ನಲ್ಲಿ ಗಾಡಿ ಪೂರ್ತಿ ಬಿಚ್ಚಿ ಇಟ್ಟಿದ್ದೇವೆ. ಮುಂದಿನ ಡೇಟೋನಾ ಫೆಬ್ರವರಿ 15ಕ್ಕೆ. ಅಷ್ಟರೊಳಗೆ ಹೊಸ ರಿಮ್‌ಗಳನ್ನೆಲ್ಲ ಅಳೆದು ನಂಬರ್ ಹಾಕಬೇಕು. ನಿನ್ನೆ ಮೊದಲ ಹನ್ನೆರಡು ಮುಗಿಸಿದೆ.